ಇಳಿಯದ ಪೈಲಟ್‌ಗೆ ಬೈಗುಳ ಯಾಕೆ?

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಹುಬ್ಬಳ್ಳಿ ಪುಟದಲ್ಲಿ ‘ಕೂದಲೆಳೆ ಅಂತರದಲ್ಲಿ ತಪ್ಪಿದ ವಿಮಾನ ದುರಂತ’ ಅಂತ ದಪ್ಪ ಅಕ್ಷರದಲ್ಲಿ ಬಂದಿತ್ತು. ಆ ವಿಮಾನದಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೆವು. ದುರಂತದ ಹತ್ತಿರಕ್ಕೂ ನಮ್ಮನ್ನು ಒಯ್ಯದೆ ಪೈಲಟ್ ವಾಪಸ್ ತಂದರು. ನಡೆದದ್ದು ಅಷ್ಟೇ.

ಬೆಂಗಳೂರಿನ ಮಗಳ ಮನೆಯಿಂದ ಬೆಳಗಿನ ವಿಮಾನ ಹಿಡಿದಿದ್ದೆವು. ರೆಕ್ಕೆಗೆ ಪಂಖ ಇರುವ ಸಣ್ಣ ವಿಮಾನ. ಅಲ್ಲಿ ಬಿಸಿಲಿತ್ತು. ಹುಬ್ಬಳ್ಳಿ ಬಂತು ಅನ್ನುವಾಗ ಕಿಟಕಿ ತುಂಬ ಬರೀ ಬಿಳಿ. ಶ್ರಾವಣದಲ್ಲಿ ನಮ್ಮ ಊರು ಗೊತ್ತಲ್ಲ, ಜಿಟಿಜಿಟಿ ಮಳೆ, ನೃಪತುಂಗ ಬೆಟ್ಟದ ಮೇಲೇ ಕೂತ ಮೋಡ. ಚಕ್ರ ಬಿಚ್ಚಿದ ಸದ್ದು ಕೇಳಿತು. ಇನ್ನೇನು ನೆಲ ಮುಟ್ಟಬೇಕು, ಪಂಖಗಳು ಒಮ್ಮೆಲೇ ಅಬ್ಬರಿಸಿದವು. ಬೆನ್ನು ಸೀಟಿಗೆ ಅಂಟಿತು. ವಿಮಾನ ಮೂಗೆತ್ತಿ ಮೇಲೇರಿತು. ಹಿಂದಿನ ಸಾಲಿನ ಅಜ್ಜಿ ‘ಸಿದ್ಧಾರೂಢಾ’ ಎಂದು ಕೂಗಿದರು. ನನ್ನ ಹೆಂಡತಿ ಹಿಡಿದ ಕೈಯ ಮೇಲೆ ಉಗುರಿನ ಗುರುತು ಸಂಜೆವರೆಗೂ ಇತ್ತು. ಸುಮಾರು ಅರ್ಧ ಗಂಟೆ ಸುತ್ತು ಹೊಡೆದು ಇನ್ನೊಮ್ಮೆ ನೋಡಿದರು. ಮತ್ತೆ ಅದೇ. ಕೊನೆಗೆ ಬೆಂಗಳೂರಿಗೇ ಮರಳಿದೆವು.

ಇಳಿದ ಮೇಲೆ ಶುರುವಾಯಿತು. “ನಮ್ಮ ಹಿಂದಿನ ವಿಮಾನ ಇಳದೈತಂತ, ಇವರಿಗೇನ್ ಧಾಡಿ?” ಅಂತ ಒಬ್ಬರು. “ಡ್ರೈವಿಂಗ್ ಬರಂಗಿಲ್ಲಂದ್ರ ಯಾಕ್ ಬರ್ತಾರ?” ಅಂತ ಇನ್ನೊಬ್ಬರು. ಗಗನಸಖಿಯರು, ಪಾಪ, ನನ್ನ ಮಗಳಿಗಿಂತ ಚಿಕ್ಕವರು, ಎಲ್ಲರ ಬೈಗುಳ ತಿಂದು ನಿಂತಿದ್ದರು.

ಡ್ರೈವಿಂಗ್ ಎಂಬ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾನು ಬಸ್ ಡ್ರೈವರ್ ಆಗಿದ್ದವನು. ಮೊದಲು ಕೆಎಸ್‌ಆರ್‌ಟಿಸಿ, 1997ರಲ್ಲಿ ವಾಯವ್ಯ ಸಾರಿಗೆ ಬೇರೆಯಾದ ಮೇಲೆ ಅಲ್ಲಿ. ಹುಬ್ಬಳ್ಳಿ–ಅಂಕೋಲಾ ಗಾಡಿಯನ್ನು ಬಹಳ ವರ್ಷ ಓಡಿಸಿದ್ದೇನೆ. ಮಳೆಗಾಲದಲ್ಲಿ ಅರಬೈಲ್ ಘಾಟಿನಲ್ಲಿ ಮಂಜು ಬಿದ್ದರೆ ಸ್ವಂತ ಬಸ್ಸಿನ ಮುಂದಿನ ಬಂಪರ್ ಕಾಣುವುದಿಲ್ಲ. ಎಷ್ಟೋ ಸಲ ಬದಿಗೆ ಹಾಕಿ ನಿಲ್ಲಿಸಿದ್ದೇನೆ. ಕಾರವಾರದಲ್ಲಿ ಕೋರ್ಟ್ ಕೆಲಸ ಇದ್ದವರು, ಮದುವೆಗೆ ಹೊರಟವರು ಎಲ್ಲರೂ ಬೈದಿದ್ದಾರೆ. ಬೈಸಿಕೊಂಡೆ, ಬಿಡಿ. ಆದರೆ ನನಗೆ ನಿಲ್ಲಿಸಲು ರಸ್ತೆಯ ಬದಿಯಾದರೂ ಇತ್ತು. ಆಕಾಶದಲ್ಲಿ ಬದಿ ಎಲ್ಲಿದೆ?

ಊರಿಗೆ ಬಂದ ಮೇಲೆ ನಮ್ಮ ಓಣಿಯ ಹಿರಿಯರೊಬ್ಬರನ್ನು ಕೇಳಿದೆ. ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಅವರು ಹೇಳಿದ್ದು ಇಷ್ಟು. ಏನೂ ಕಾಣದಾಗ ವಿಮಾನ ರನ್‌ವೇ ಕಡೆಯಿಂದ ಬರುವ ರೇಡಿಯೊ ಅಲೆ ಹಿಡಿದು ಇಳಿಯುತ್ತದೆ. ಐಎಲ್‌ಎಸ್ ಅನ್ನುವುದು ಇದಕ್ಕೇ. ಅದರ ಮೊದಲ ದರ್ಜೆಯಲ್ಲಿ ಹೀಗೆ ಕಣ್ಣುಮುಚ್ಚಿ ಬರುವುದು ಸಾಮಾನ್ಯವಾಗಿ ನೆಲದಿಂದ 200 ಅಡಿವರೆಗೆ ಮಾತ್ರ. ಅಲ್ಲಿ ರನ್‌ವೇ ದೀಪ ಪೈಲಟ್ ಕಣ್ಣಿಗೆ ಬೀಳಲೇಬೇಕು. ಕಂಡರೆ ಇಳಿ, ಇಲ್ಲದಿದ್ದರೆ ಏರು. ನೆಲ ಮುಟ್ಟಲು ಆಗ ಸುಮಾರು 20 ಸೆಕೆಂಡ್ ಉಳಿದಿರುತ್ತದೆ, ಅಷ್ಟೇ. ಇಂಜಿನ್ ಜೋರು ಮಾಡಿದರೂ ವಿಮಾನ ಸ್ವಲ್ಪ ಕೆಳಗೆ ಹೋಗಿಯೇ ಮೇಲೇಳುತ್ತದೆ. ಒಳಗೆ ಕೂತವರಿಗೆ ಜೀವ ಬಾಯಿಗೆ ಬರುವುದು ಅದಕ್ಕೇ. ಮುಂದೆ ಕೂತ ಇಬ್ಬರಿಗೆ ಅದು ಮೊದಲೇ ಮಾತಾಡಿಕೊಂಡ ಕೆಲಸ. ಯಾವ ದಿಕ್ಕಿಗೆ ತಿರುಗಬೇಕು, ಎಷ್ಟು ಎತ್ತರಕ್ಕೆ ಏರಬೇಕು ಅಂತ ಇಳಿಯುವ ಮುಂಚೆಯೇ ಹೇಳಿಕೊಂಡಿರುತ್ತಾರೆ. ಇಂಧನವೂ ಲೆಕ್ಕ ಹಾಕಿಯೇ ತುಂಬಿರುತ್ತದೆ. ಹೋಗಬೇಕಾದ ಊರಿಗೆ ಒಂದು ಪಾಲು, ಬದಲಿ ಊರಿಗೆ ಒಂದು ಪಾಲು, ಅದರ ಮೇಲೂ 30 ನಿಮಿಷದ್ದು ಕೈಯಲ್ಲಿರಬೇಕು.

ಹಾಗಾದರೆ ಹಿಂದಿನ ವಿಮಾನ ಇಳಿಯಿತಲ್ಲ? ಇಳಿದಿರಬಹುದು. ಮೋಡ ಒಂದೇ ಕಡೆ ಕೂತಿರುವ ವಸ್ತುವೇ? ಐದು ನಿಮಿಷ ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಇನ್ನು ಬೆಂಗಳೂರಿನ ದಕ್ಷಿಣ ರನ್‌ವೇಯಲ್ಲಿ ಮೇಲಿನ ದರ್ಜೆಯ ಐಎಲ್‌ಎಸ್ ಇದ್ದು, 50 ಮೀಟರ್ ದೂರ ಕಂಡರೂ ಇಳಿಯುವ ವ್ಯವಸ್ಥೆ ಇದೆ, ನಿಜ. ಆದರೆ ನೆಲದ ಮೇಲಿನ ಉಪಕರಣ, ವಿಮಾನದೊಳಗಿನ ಉಪಕರಣ, ಪೈಲಟ್‌ಗಳ ತರಬೇತಿ ಈ ಮೂರೂ ಆ ದರ್ಜೆಯದ್ದಾಗಿದ್ದರೆ ಮಾತ್ರ. ಮೂರರಲ್ಲಿ ಒಂದು ಕಡಿಮೆಯಾದರೂ ಇಲ್ಲ.

ಏರದೇ ಹೋದರೆ ಏನಾಗುತ್ತದೆ ಅಂತ ನೋಡಲು ನಾವು ದೂರ ಹೋಗಬೇಕಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ಮಂಜೂ ಇರಲಿಲ್ಲ. ವಿಮಾನ ಜಾಸ್ತಿ ಎತ್ತರದಲ್ಲಿ, ಜಾಸ್ತಿ ವೇಗದಲ್ಲಿ ಬಂದಿತ್ತು. ಸಹ ಪೈಲಟ್ ಮತ್ತೆ ಮೇಲೇರೋಣ ಅಂತ ಒಂದಲ್ಲ, ಮೂರು ಸಲ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. 158 ಜನ ಹೋದರು, ಉಳಿದವರು 8. ಹತ್ತು ವರ್ಷದ ಮೇಲೆ, 2020ರ ಆಗಸ್ಟ್ 7ರಂದು ಕೋಯಿಕ್ಕೋಡ್. ಸುರಿಯುವ ಮಳೆ, ಒಮ್ಮೆ ಏರಿ ಬಂದದ್ದೂ ಆಗಿತ್ತು. ಎರಡನೇ ಸಲ ಅರ್ಧ ರನ್‌ವೇ ದಾಟಿ ನೆಲ ಮುಟ್ಟಿದರು. ಅಲ್ಲಿಯೂ ಸಹ ಪೈಲಟ್ ಏರಲು ಹೇಳಿದ್ದರೆಂದು ತನಿಖಾ ವರದಿಯಲ್ಲೇ ಇದೆ. 21 ಜೀವ ಹೋಯಿತು. ನಮ್ಮ ಹುಬ್ಬಳ್ಳಿಯಲ್ಲೇ 2015ರ ಮಾರ್ಚ್‌ನ ಒಂದು ಮಳೆ ಸಂಜೆ ವಿಮಾನ ರನ್‌ವೇ ಬಿಟ್ಟು ಪಕ್ಕಕ್ಕೆ ಸರಿದು ಒಂದು ಬದಿಯ ಚಕ್ರ ಮುರಿದುಕೊಂಡಿತ್ತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

ಕೂದಲೆಳೆ ಅಂತರ ಅನ್ನುವ ಮಾತನ್ನು ಇಂಥವುಗಳಿಗೆ ಇಟ್ಟುಕೊಳ್ಳಿ. ‘ಮೋಡ: ಇಳಿಯದೆ ಮರಳಿದ ವಿಮಾನ’ ಅಂತ ಹಾಕಿದ್ದರೆ ಸಾಕಿತ್ತು, ಅಲ್ವಾ? ಪೇಪರ್ ಓದಿದವರೂ ವಿಮಾನದಲ್ಲಿ ಕೂರುತ್ತಾರೆ. ಅವರಿಗೆ ಬೈಯುವುದನ್ನು ನಾವೇ ಯಾಕೆ ಕಲಿಸಬೇಕು? ಇವತ್ತು ಬೈಸಿಕೊಂಡ ಪೈಲಟ್ ಹುಡುಗ ನಾಳೆ ‘ಇನ್ನು ಸ್ವಲ್ಪ ಕೆಳಗೆ ಹೋಗಿ ನೋಡೋಣ’ ಅಂದುಕೊಂಡರೆ?

ವಿಮಾನ ಕಂಪನಿಯವರದ್ದೂ ತಪ್ಪಿದೆ. ಸುತ್ತು ಹೊಡೆದ ಅಷ್ಟೂ ಹೊತ್ತು ಕನ್ನಡದಲ್ಲಿ ಒಂದು ಮಾತಿಲ್ಲ. ಇಂಗ್ಲಿಷ್, ಹಿಂದಿಯಲ್ಲಿ ಏನೋ ಹೇಳಿದರು, ಆ ಅಜ್ಜಿಗೆ ಏನು ತಿಳಿಯಬೇಕು? ಗೋಕುಲ ರಸ್ತೆಯ ನಿಲ್ದಾಣದ ಹೊರಗೆ ಮಳೆಯಲ್ಲಿ ಕಾಯುತ್ತಿದ್ದ ನನ್ನ ತಮ್ಮನ ಮಗನಿಗೆ ಬೋರ್ಡಿನಲ್ಲಿ ‘ವಿಳಂಬ’ ಅಂತಷ್ಟೇ ಕಂಡಿದ್ದು. ಸದ್ದು ಕೇಳಿಸಿ ದೂರವಾದ ಮೇಲೆ ಅವನ ಪಾಡು ಏನಾಗಿರಬೇಡ. ಪೈಲಟ್‌ಗೆ ಆ ಹೊತ್ತಿನಲ್ಲಿ ಕೈತುಂಬ ಕೆಲಸ ಇರುತ್ತದೆ, ಒಪ್ಪುತ್ತೇನೆ. ಆದರೆ ಗಗನಸಖಿಯರು ಚೀಟಿ ನೋಡಿ ಓದಬಹುದಲ್ಲ. ಬೇಕಾದರೆ ನಾನೇ ಬರೆದುಕೊಡುತ್ತೇನೆ: “ರನ್‌ವೇ ಕಾಣಲಿಲ್ಲ, ಅದಕ್ಕೆ ಮೇಲೇರಿದ್ದೇವೆ. ಇಂಧನ ಸಾಕಷ್ಟಿದೆ. ಮೋಡ ಸರಿದರೆ ಇನ್ನೊಮ್ಮೆ ನೋಡುತ್ತೇವೆ, ಇಲ್ಲದಿದ್ದರೆ ಬೆಂಗಳೂರಿಗೆ ಹೋಗುತ್ತೇವೆ. ಗಾಬರಿಯಾಗಬೇಡಿ ಅಜ್ಜಿ.”

– ಒಬ್ಬ ನಿವೃತ್ತ ಬಸ್ ಚಾಲಕ, ಹುಬ್ಬಳ್ಳಿ