ಟಾರ್ಚ್ ಹಾಕಿ ನೋಡಿದ ಸಿಸ್ಟರ್‌ಗೆ, ಮತ್ತೆ ಎಲ್ಲರಿಗೂ

ಹೋದ ಮಂಗಳವಾರ ಬೆಳಿಗ್ಗೆ ಬಳ್ಳಾರಿಯ ಆಸ್ಪತ್ರೆ ಮಂಚದ ಮೇಲೆ ನನ್ನ ಮಗ ಕಕ್ಕ ಮಾಡಿದ. ಎಲ್ಲ ಮಕ್ಕಳೂ ಮಾಡುವ ಜಾಗದಿಂದಲೇ. ಒಂಬತ್ತು ತಿಂಗಳಲ್ಲಿ ಅದೇ ಮೊದಲ ಸಲ. ನಾನು ಅತ್ತುಬಿಟ್ಟೆ. ಇಷ್ಟು ದಿನ ಕೇಳಿದವರಿಗೆಲ್ಲ "ಹೊಟ್ಟೆ ಆಪರೇಷನ್" ಅಂತಷ್ಟೇ ಹೇಳುತ್ತಿದ್ದೆವು. ಈಗ ಪೂರ್ತಿ ಹೇಳುತ್ತೇನೆ. ಹೇಳದೆ ಧನ್ಯವಾದ ಹೇಳೋದು ಹೇಗೆ?

ಅವನು ಹುಟ್ಟಿದಾಗ ಮಲದ್ವಾರವೇ ಇರಲಿಲ್ಲ. ಹೆರಿಗೆ ಆಗಿದ್ದು ಸಿಂಧನೂರು ಕಡೆ. ಹೊಟ್ಟೆ ಉಬ್ಬಿತ್ತು, ಹಾಲು ನಿಲ್ಲುತ್ತಿರಲಿಲ್ಲ. ಗ್ಯಾಸ್ ಇರಬೇಕು ಅಂದರು, ನಾವೂ ನಂಬಿದೆವು. ರಾತ್ರಿ ಡ್ಯೂಟಿಗೆ ಬಂದ ಸಿಸ್ಟರ್ ಒಬ್ಬರು, "ಕೂಸು ಕರೀ ಕಕ್ಕ ಮಾಡೈತೇನು?" ಅಂತ ಕೇಳಿದರು. ಇಲ್ಲ ಅಂದೆ. ಹುಟ್ಟಿದ ಮಗು ಸಾಮಾನ್ಯವಾಗಿ 24 ಗಂಟೆಯೊಳಗೆ ಆ ಕಪ್ಪು ಮಲ ಮಾಡಬೇಕಂತೆ. ಅವರು ಸುಮ್ನೆ ಹೋಗಲಿಲ್ಲ. ಬಟ್ಟೆ ಬಿಚ್ಚಿ, ಕಾಲು ಎತ್ತಿ, ಮೊಬೈಲ್ ಟಾರ್ಚ್ ಹಾಕಿ ನೋಡಿದರು. ಸ್ವಲ್ಪ ಹೊತ್ತಿಗೆಲ್ಲ 108 ಬಂತು. ತುಂಗಭದ್ರೆ ದಾಟಿ, ಸಿರುಗುಪ್ಪದ ಮೇಲೆ ಬಳ್ಳಾರಿ. ಅಕ್ಕಾ, ನಿಮ್ಮ ಹೆಸರು ಕೇಳೋದಕ್ಕೂ ನನಗೆ ಆಗಲಿಲ್ಲ. ನನ್ನ ಮಗ ಉಳಿದಿದ್ದು ನಿಮ್ಮಿಂದ.

ಬಳ್ಳಾರಿಯಲ್ಲಿ ಮೂಗಿನಿಂದ ನಳಿಕೆ ಹಾಕಿ ಅನ್ನನಾಳ ಸರಿ ಇದೆಯಾ ನೋಡಿದರು. ಹೃದಯ, ಕಿಡ್ನಿ, ಬೆನ್ನುಮೂಳೆಗೂ ಸ್ಕ್ಯಾನ್, ಎಕ್ಸ್‌ರೇ ಆದವು. ಈ ತೊಂದರೆ ಇರುವ ಮಕ್ಕಳಿಗೆ ಅಲ್ಲೂ ಏನಾದರೂ ಇರುವ ಸಾಧ್ಯತೆ ಜಾಸ್ತಿಯಂತೆ. ಅಷ್ಟರಲ್ಲಿ ನಮ್ಮ ಕಡೆಯವರೊಬ್ಬರು ಗ್ರಹಣದ ಮಾತು ತೆಗೆದರು, ನಾನು ಹೊರಗೆ ಬಂದಿರಬೇಕು ಅಂತ. ಸರ್ಜನ್ ಸರ್ ಎಲ್ಲರನ್ನೂ ಕರೆಸಿ ಹೇಳಿದರು: "ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತೆ. ತಾಯಿ ಏನೂ ತಪ್ಪು ಮಾಡಿಲ್ಲ." ಸರ್, ನೀವು ಮೂರು ಆಪರೇಷನ್ ಮಾಡಿದ್ದೀರಿ. ನನಗೆ ಜಾಸ್ತಿ ನೆನಪಿರೋದು ಆ ಮಾತು.

ಮೊದಲ ಆಪರೇಷನ್‌ನಲ್ಲಿ ಕರುಳನ್ನು ಹೊಟ್ಟೆಯ ಮೇಲೆ ತಂದು ಮಲ ಹೋಗೋಕೆ ದಾರಿ ಮಾಡಿದರು. ನಾಲ್ಕನೇ ತಿಂಗಳಲ್ಲಿ ಮಲದ್ವಾರ ಮಾಡಿದರು. ಈಗ ಹೊಟ್ಟೆಯ ದಾರಿ ಮುಚ್ಚಿದ್ದಾರೆ.

ಹೊಟ್ಟೆಗೆ ಅಂಟಿಸುವ ಚೀಲ ಅವನ ಮೈಗೆ ನಿಲ್ಲುತ್ತಲೇ ಇರಲಿಲ್ಲ. ಸುತ್ತಲಿನ ಚರ್ಮ ಸುಲಿದು ಕೆಂಪಗಾಗಿತ್ತು. ಪಕ್ಕದ ಮಂಚದಲ್ಲಿ ಕುಷ್ಟಗಿ ಕಡೆಯ ಅಕ್ಕ ಇದ್ದರು. ಅವರ ಮಗಳಿಗೆ ಬೇರೆ ಕಾಯಿಲೆ, ಹೊಟ್ಟೆ ಮೇಲೆ ಮಾತ್ರ ಅದೇ ದಾರಿ. "ಅಳಬ್ಯಾಡ ತಂಗಿ, ನೋಡಿಲ್ಲಿ" ಅಂತ ತಮ್ಮ ಮಾವನವರ ಹಳೇ ಧೋತರ ಹರಿದು ಕೊಟ್ಟರು. ಉಗುರುಬೆಚ್ಚಗಿನ ನೀರಲ್ಲಿ ತೊಳೆ, ಉಜ್ಜಬೇಡ, ಒತ್ತಿ ಒರೆಸು. ಜಿಂಕ್ ಕ್ರೀಮ್ ಹಚ್ಚು. ನಾಲ್ಕು ಮಡಿಕೆ ಬಟ್ಟೆ ಇಟ್ಟು ಸಡಿಲವಾಗಿ ಕಟ್ಟು. ಒದ್ದೆಯಾದ ತಕ್ಷಣ ಬದಲಿಸು. ಒಂದು ವಾರದಲ್ಲಿ ಚರ್ಮ ವಾಸಿಯಾಯಿತು.

ಮೂರನೇ ತಿಂಗಳಲ್ಲಿ ಕೆಮ್ಮಿ ಕೆಮ್ಮಿ ಅತ್ತಾಗ ಆ ದಾರಿಯಿಂದ ಕರುಳು ನಾಲ್ಕು ಬೆರಳಷ್ಟು ಹೊರಗೆ ಜಾರಿತು. ರಾತ್ರಿ ಹತ್ತು ಗಂಟೆ. ವಾರ್ಡಿಗೆ ಫೋನ್ ಮಾಡಿದರೆ ಪಿಜಿ ಡಾಕ್ಟರ್ ಎತ್ತಿದರು. "ಮೊದಲು ಬಣ್ಣ ಹೇಳಮ್ಮ. ಕೆಂಪಗಿದೆಯಾ, ಕಪ್ಪಗಾಗಿದೆಯಾ?" ಕೆಂಪಗಿತ್ತು. ಕಪ್ಪಾದರೆ ಕರುಳಿಗೆ ರಕ್ತ ಹೋಗುತ್ತಿಲ್ಲ ಅಂತ ಅರ್ಥ. ಒದ್ದೆ ಬಟ್ಟೆ ಮುಚ್ಚಿ ಹೊರಡಿ ಅಂದರು. ಸಿರುಗುಪ್ಪ ಬರುವಷ್ಟರಲ್ಲಿ ಅವನು ನಿದ್ದೆ ಹೋಗಿದ್ದ, ಕರುಳೂ ಒಳಗೆ ಹೋಗಿತ್ತು. ಆದರೂ ಅವರು ಗೇಟಿನ ಹತ್ತಿರವೇ ಕಾಯುತ್ತಿದ್ದರು.

ಹೊಸ ದ್ವಾರ ಮುಚ್ಚಿಕೊಳ್ಳದ ಹಾಗೆ ದಿನಕ್ಕೆರಡು ಸಲ ಸ್ಟೀಲಿನ ಡೈಲೇಟರ್ ಹಾಕಬೇಕು, ಅಂದರೆ ದ್ವಾರ ಅಗಲ ಮಾಡುವ ನುಣುಪಾದ ಕಡ್ಡಿ. ನಂಬರ್ ಹೆಚ್ಚಾದಷ್ಟೂ ದಪ್ಪ; 8ನೇ ನಂಬರಿನಿಂದ ಶುರು, ನಿಧಾನಕ್ಕೆ 13ರ ತನಕ. ಹೆತ್ತ ಕೈಯಿಂದ ಇದನ್ನು ಮಾಡೋದು ಸುಲಭ ಅಲ್ಲ. ಅವನ ಅಪ್ಪ ಎರಡೂ ಕಾಲು ಹಿಡಿದು "ಆನೆ ಬಂತೊಂದಾನೆ" ಹಾಡುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ರೀ, ನಿಮಗೂ ಧನ್ಯವಾದ.

ಮುಂದೆ ಮಲಬದ್ಧತೆ ಬರಬಹುದು, ನೋಡಿಕೊಳ್ಳಬೇಕು. ಮಲ ತಡೆದುಕೊಳ್ಳುವ ಹಿಡಿತ ಎಷ್ಟು ಬರುತ್ತೆ ಅಂತ ಮೂರು ವರ್ಷದ ಹೊತ್ತಿಗೆ ತಿಳಿಯುತ್ತೆ ಅಂದಿದ್ದಾರೆ. ಡೈಲೇಟರ್ ಇನ್ನೂ ಕೆಲವು ತಿಂಗಳು ಇದೆ. ಮುಂದಿನ ತಿಂಗಳು ತೋರಿಸೋಕೆ ಬರುತ್ತೇವೆ. ಆ ಧೋತರದ ತುಂಡುಗಳು ಹದಿನಾರು ಉಳಿದಿವೆ. ಕುದಿಸಿ, ಬಿಸಿಲಿಗೆ ಒಣಗಿಸಿ, ಮಡಚಿ ಇಟ್ಟಿದ್ದೇನೆ. ವಾರ್ಡಿಗೆ ತರುತ್ತೇನೆ, ಯಾರಿಗಾದರೂ ಬೇಕಾಗುತ್ತೆ.