ಕಿಡ್ನಿಯ ಸ್ಟೆಂಟ್ ತೆಗೆದು ಇವತ್ತಿಗೆ ಒಂದು ತಿಂಗಳು

ನಾನು ಮಂಡ್ಯ–ಮೈಸೂರು ಬಸ್ಸಿನಲ್ಲಿ ಕಂಡಕ್ಟರ್. ಡ್ಯೂಟಿಗೆ ವಾಪಸ್ ಬಂದಾಗಿನಿಂದ "ಏನಮ್ಮ, ಇಷ್ಟು ದಿನ ಕಾಣಲೇ ಇಲ್ಲ?" ಅಂತ ಎಷ್ಟೋ ಜನ ಕೇಳಿದಿರಿ. ಹುಷಾರಿರಲಿಲ್ಲ ಅಂದು ಟಿಕೆಟ್ ಕೊಟ್ಟು ಮುಂದೆ ಹೋದೆ. ನಾಚಿಕೆ ಆಗುತ್ತಿತ್ತು. ಇವತ್ತು ಹೇಳಿಬಿಡುತ್ತೇನೆ. ನನ್ನ ಎಡಗಡೆ ಕಿಡ್ನಿಯಲ್ಲಿ ಕಲ್ಲಾಗಿತ್ತು. 11 ಮಿಲಿಮೀಟರಿನದು ಕಿಡ್ನಿಯ ಬಾಯಲ್ಲಿ ಸಿಕ್ಕಿಕೊಂಡಿತ್ತು, ಇನ್ನೊಂದು ಚಿಕ್ಕದು ಕೆಳಮೂಲೆಯಲ್ಲಿತ್ತು.

ದಾರಿಯಲ್ಲಿ ಹೆಂಗಸರು ಹೋಗಲು ಜಾಗ ಸಿಗಲ್ಲ ಅಂತ ನಾನು ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಬೆಳಿಗ್ಗೆ ಒಂದು ಲೋಟ, ಊಟಕ್ಕೆ ಒಂದು ಲೋಟ, ಅಷ್ಟೇ. ಉರಿಮೂತ್ರ ಬಂದರೆ ಮೆಡಿಕಲ್ ಸ್ಟೋರಿನ ಮಾತ್ರೆ. ಹೀಗೇ ವರ್ಷಗಳು ಕಳೆದವು. ಒಂದು ಮಧ್ಯಾಹ್ನ ಶ್ರೀರಂಗಪಟ್ಟಣದ ಹತ್ತಿರ ಪಕ್ಕೆಯಲ್ಲಿ ಹಿಡಿದ ನೋವು ತೊಡೆಸಂದಿಗೆ ಇಳಿಯಿತು. ನಿಂತಲ್ಲೇ ಕುಸಿದೆ. ಅವತ್ತು ಬಸ್ ಪಕ್ಕಕ್ಕೆ ಹಾಕಿ ನನ್ನನ್ನು ಆಟೋ ಹತ್ತಿಸಿದ ಡ್ರೈವರ್ ಅಣ್ಣನಿಗೂ, ಟಿಕೆಟ್ ದುಡ್ಡಿನ ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಆಸ್ಪತ್ರೆವರೆಗೆ ಬಂದ ಹೂವಿನ ಬುಟ್ಟಿಯ ಅಜ್ಜಿಗೂ ಕೈ ಮುಗಿಯುತ್ತೇನೆ.

ಮೈಸೂರಿನ ಡಾಕ್ಟರು ತಕ್ಷಣ ಕಲ್ಲು ಒಡೆಯಲಿಲ್ಲ. ಮೂತ್ರದಲ್ಲಿ ಸೋಂಕಿತ್ತು. ಆಗ ಒಳಗೆ ನೀರು ಹಾಯಿಸಿ ಒಡೆದರೆ ಸೋಂಕು ರಕ್ತಕ್ಕೆ ಸೇರುವ ಭಯ. ಮೊದಲು ಮೂತ್ರ ಇಳಿಯಲು ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಇಟ್ಟು, ಆಂಟಿಬಯಾಟಿಕ್ ಕೊಟ್ಟು, ಎರಡು ವಾರ ಕಾಯಿಸಿದರು. ಆಗ ಕೋಪ ಬಂದಿತ್ತು ಡಾಕ್ಟ್ರೇ, ಕ್ಷಮಿಸಿ. ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದಿರಲ್ಲ, ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಕಲ್ಲು ಒಡೆಯಲು ಬೇರೆಯದೇ ಕೊಳವೆ: ಸುಮಾರು ಮೂರು ಮಿಲಿಮೀಟರ್ ದಪ್ಪ, ಬಾಗುತ್ತದೆ, ತುದಿಯಲ್ಲಿ ಕ್ಯಾಮೆರಾ. ಮೂತ್ರದ ದಾರಿಯಲ್ಲೇ ಹೋಗುತ್ತದೆ, ಎಲ್ಲೂ ಕೊಯ್ಯುವುದಿಲ್ಲ. ಹಿಡಿಯ ಲಿವರನ್ನು ಹೆಬ್ಬೆರಳಲ್ಲಿ ಒತ್ತಿದರೆ ತುದಿ ಹಾವಿನ ಹೆಡೆಯ ಹಾಗೆ ಹಿಂದಕ್ಕೆ ತಿರುಗುತ್ತದೆ. ಅದಕ್ಕೇ ಕೆಳಮೂಲೆಯ ಕಲ್ಲೂ ಸಿಕ್ಕಿತು. ಲೇಸರಿನಲ್ಲಿ ಎರಡನ್ನೂ ಪುಡಿ ಮಾಡಿ, ಉಳಿದ ಚೂರನ್ನು ತಂತಿಯ ಬುಟ್ಟಿಯಲ್ಲಿ ಹಿಡಿದು ತೆಗೆದರು. ಮಾರನೇ ದಿನ ಮನೆಗೆ ಬಂದೆ.

ನಿಜವಾದ ಕಷ್ಟ ಅಂದರೆ ಇನ್ನೂ ಒಳಗಿದ್ದ ಸ್ಟೆಂಟಿನದು. ಮೂತ್ರ ಮಾಡುವಾಗಲೆಲ್ಲ ಪಕ್ಕೆ ಎಳೆಯುತ್ತಿತ್ತು, ಗಳಿಗೆಗೊಮ್ಮೆ ಅವಸರ. ಅದನ್ನು ಮರೆತು ಒಳಗೇ ಬಿಟ್ಟರೆ ಅದರ ಮೇಲೂ ಕಲ್ಲು ಕಟ್ಟುತ್ತದಂತೆ. ತೆಗೆಸುವ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತಿಟ್ಟವರು ನನ್ನ ಅತ್ತೆ. ಬಾಳೆದಿಂಡಿನ ಪಲ್ಯ ಮಾಡಿ ಹಾಕಿದವರೂ ಅವರೇ. ಅಷ್ಟು ದೊಡ್ಡ ಕಲ್ಲು ಪಲ್ಯಕ್ಕೆ ಕರಗಲ್ಲ, ಆದರೆ ತಿನ್ನಿ ಅಂದರು ಡಾಕ್ಟರು. ಮೊಸರು ಬಿಡಬೇಡಿ, ಉಪ್ಪು ಕಡಿಮೆ ಮಾಡಿ ಅಂತಲೂ ಹೇಳಿದರು.

ಸ್ಟೆಂಟ್ ತೆಗೆಯುವಾಗ ಎಚ್ಚರವಾಗಿಯೇ ಇದ್ದೆ. ಮರಗಟ್ಟಿಸುವ ಜೆಲ್ಲಿ ಹಾಕಿದ್ದರು. ನನ್ನ ಕಾಲು ನಡುಗುತ್ತಿತ್ತು. ಕೇರಳದ ಸಿಸ್ಟರ್ ಒಬ್ಬರು ಕೈ ಹಿಡಿದು, "ಉಸಿರು ಬಿಡಿ ಅಕ್ಕ, ಅಲ್ಲಿ ಸ್ಕ್ರೀನ್ ನೋಡಿ" ಅಂದರು. ನೋಡಿದೆ. ನನ್ನದೇ ಮೂತ್ರಕೋಶ, ಗುಲಾಬಿ ಬಣ್ಣ, ಎಳೆ ಎಳೆ ರಕ್ತನಾಳ. ನೀಲಿ ಸ್ಟೆಂಟಿನ ತುದಿ ಸುರುಳಿ ಸುತ್ತಿಕೊಂಡಿತ್ತು. ಇಷ್ಟು ವರ್ಷ ಹೆಸರು ಹೇಳಲೂ ನಾಚಿದ ಜಾಗ ಇಷ್ಟು ಚೆಂದ ಇದೆಯಾ ಅನ್ನಿಸಿ ಅತ್ತುಬಿಟ್ಟೆ. ಸಿಸ್ಟರ್, ನೋವಾಗಿ ಅತ್ತಿದ್ದಲ್ಲ ಅದು.

ಈಗ ಶ್ರೀರಂಗಪಟ್ಟಣದ ಒಬ್ಬ ಹೋಟೆಲ್ ಅಮ್ಮ ನಾನು ಇಳಿಯುವ ಮೊದಲೇ ಬಾತ್‌ರೂಮಿನ ಬೀಗದಕೈ ಹಿಡಿದು ನಿಂತಿರುತ್ತಾರೆ. ಒಂದು ರೂಪಾಯಿ ಮುಟ್ಟಲ್ಲ. ಡ್ರೈವರ್ ಅಣ್ಣ ಸ್ಟೇರಿಂಗ್ ಹಿಡಿಯುವ ಮುಂಚೆ ಕನ್ನಡಿಯಲ್ಲಿ ನನ್ನ ಬಾಟಲಿ ನೋಡುತ್ತಾರೆ. "ನೀರ್ ಕುಡುದ್ಯೇನವ್ವ?"

ಕುಡಿದೆ ಅಣ್ಣ. ರೈಟ್, ಹೋಗೋಣ.