ಸಿ.ಡಿ.ಯ ಬೆನ್ನೂ ಜೋಪಾನ

ಮಾನ್ಯರೇ,

ಮದುವೆ, ನಾಮಕರಣದ ಹಳೇ ಸಿ.ಡಿ.ಗಳನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಲು ಮಂಡ್ಯ ಸುತ್ತಲಿನ ಹಳ್ಳಿಗಳಿಂದ ಜನ ಈಗಲೂ ನಮ್ಮ ಅಂಗಡಿಗೆ ಬರುತ್ತಾರೆ. ಆಷಾಢದಲ್ಲಂತೂ ಜಾಸ್ತಿ. ಹೊಳೆಯುವ ಕಡೆ ಗೀರಾಗಬಾರದೆಂದು ಎಲ್ಲರಿಗೂ ಗೊತ್ತು. ಆದರೆ ಸಿ.ಡಿ.ಯಲ್ಲಿ ಮಾಹಿತಿ ಕೂತಿರುವುದು ಹೆಸರು ಬರೆಯುವ ಕಡೆ, ತೆಳು ಲೇಪನದ ಅಡಿಯಲ್ಲೇ. 1.2 ಮಿ.ಮೀ. ದಪ್ಪದ ಪ್ಲಾಸ್ಟಿಕ್ಕೆಲ್ಲ ಇನ್ನೊಂದು ಕಡೆಗಿದೆ. ಅಲ್ಲಿನ ಸಣ್ಣ ಗೀರನ್ನು ಪಾಲಿಶ್ ಮಾಡಿ ಸರಿಪಡಿಸಬಹುದು. ಬೆನ್ನಿನ ಮೇಲೆ ಬಾಲ್‌ಪೆನ್ ಒತ್ತಿ ಬರೆದರೆ ಮುಗಿಯಿತು. ಮೊನ್ನೆ ಬಂದ ಒಂದನ್ನು ದೀಪಕ್ಕೆ ಹಿಡಿದರೆ ‘ರಿಸೆಪ್ಷನ್’ ಎಂಬ ಅಕ್ಷರಗಳೊಳಗಿಂದ ಬೆಳಕು ತೂರಿ ಬರುತ್ತಿತ್ತು! ಊಟದ ಪಂಕ್ತಿ ಸಿಕ್ಕಿತು, ಧಾರೆ ಸಿಗಲಿಲ್ಲ.

ಧೂಳಿದ್ದರೆ ಪಂಚೆ ತುದಿಯಲ್ಲಿ ಗರಗರ ಸುತ್ತಿಸಿ ಉಜ್ಜಬೇಡಿ. ಮೆತ್ತನೆ ಬಟ್ಟೆಯಲ್ಲಿ ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಒರೆಸಿ. ಟ್ರೇಯನ್ನು ಕೈಯಿಂದ ನೂಕದೆ ಗುಂಡಿ ಒತ್ತಿ. ಸಿಕ್ಕಿಕೊಂಡರೆ ಕಂಪ್ಯೂಟರ್ ಆಫ್ ಮಾಡಿ, ಡ್ರೈವಿನ ಮುಂದಿರುವ ಪುಟ್ಟ ತೂತಿಗೆ ನೆಟ್ಟಗೆ ಮಾಡಿದ ಜೆಮ್ ಕ್ಲಿಪ್ ತೂರಿಸಿದರೆ ಸಾಕು. ಬಿರುಕು ಬಿಟ್ಟ ಡಿಸ್ಕನ್ನು ಮಾತ್ರ ಹಾಕಲೇಬೇಡಿ, ತಿರುಗುವ ವೇಗಕ್ಕೆ ಒಳಗೇ ಚೂರಾಗಬಹುದು.

ಸ್ಟುಡಿಯೋದವರು ಕೊಡುವಾಗಲೇ ಮೆತ್ತನೆ ಮೊನೆಯ ಮಾರ್ಕರ್‌ನಲ್ಲಿ ಹೆಸರು, ತಾರೀಕು ಬರೆದುಕೊಟ್ಟರೆ ಅರ್ಧ ತಾಪತ್ರಯ ತಪ್ಪುತ್ತದೆ.

– ಕಂಪ್ಯೂಟರ್ ರಿಪೇರಿ ಅಂಗಡಿಯವ, ವಿದ್ಯಾನಗರ, ಮಂಡ್ಯ